ಕ್ಯಾಮೆರಾದ ಹಗ್ಗ

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕ್ಯಾಮೆರಾ ಚೀಲದ ಜಿಪ್ ಹಾಕಿಯಾಗಿತ್ತು. ನಾನು ಅದನ್ನು ತೆರೆದಿಟ್ಟು ಹೋಗಿದ್ದೆ. ಅಜ್ಜಿ ಬಾಗಿಲಲ್ಲಿ ಕೂತು, ಲೋಕದ ಯಾವ ಸುದ್ದಿಯೂ ತನಗೆ ಬೇಡವೆಂಬಂತೆ ಅವರೆಕಾಯಿ ಸುಲಿಯುತ್ತಿದ್ದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ರೈಲಿಗೆ ಹೊತ್ತಾಗಿತ್ತು. ಚೀಲ ಹೆಗಲಿಗೇರಿಸಿಕೊಂಡು ನಂದಿದುರ್ಗ ಚಿನ್ನದ ಗಣಿಯ ನಮ್ಮ ಲೈನುಮನೆಯಿಂದ ಸ್ಟೇಷನ್ನಿಗೆ ಹೆಚ್ಚುಕಡಿಮೆ ಓಡಿದೆ.

ಆ ಭಾನುವಾರ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು, ನಾಲ್ಕು ಗಂಟೆ. ಅಷ್ಟರೊಳಗೆ ಎರಡು ಕೆಲಸ ಆಗಬೇಕಿತ್ತು. ನನ್ನ ಹಳೆಯ ಕ್ಯಾಮೆರಾ, ಅದರ ಎರಡು ಲೆನ್ಸು, ಫ್ಲ್ಯಾಶು ಇವಿಷ್ಟನ್ನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಮಾರಬೇಕು. ಆ ದುಡ್ಡಿಗೆ ನಾನು ಕೂಡಿಟ್ಟಿದ್ದನ್ನು ಸೇರಿಸಿ, ಅದೇ ಊರಿನ ಪೇಟೆ ಬೀದಿಯಲ್ಲಿ ಅಂಗಡಿ ಮುಚ್ಚುತ್ತಿದ್ದ ಹಳೇ ಸ್ಟುಡಿಯೋದ ಯಜಮಾನರಿಂದ ಲೆನ್ಸಿನ ಸಮೇತ ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳಬೇಕು. ಯಜಮಾನರು ಹಿಂದಿನ ದಿನವೇ ಫೋನಿನಲ್ಲಿ ಖಡಾಖಂಡಿತ ಹೇಳಿದ್ದರು.

“ನಾಲ್ಕರ ತಂಕ ನಿಂದಪ್ಪಾ. ನಾಲ್ಕು ದಾಟ್ತೋ, ಕುಪ್ಪಂನೋನು ತಗೊಳ್ಳಕ್ಕೆ ಬಂದು ಕುಂತಿರ್ತಾನೆ. ಆಮೇಕೆ ನನ್ನ ಮೇಲೆ ಮುನಿಸ್ಕೋಬೇಡ.”

ಫುಲ್ ಫ್ರೇಮ್ ಅಂದರೆ ಏನೆಂದು ನಮ್ಮ ಲೈನಿನಲ್ಲಿ ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ಹೀಗೆ. ಗಣಿ ಕೆಲಸದವರಿಗೆಂದು ಕಟ್ಟಿದ ಈ ಮನೆಗಳ ಕೋಣೆ ಎಷ್ಟು ಕಿರಿದೆಂದರೆ, ನಾಮಕರಣವೋ ನಿಶ್ಚಿತಾರ್ಥವೋ ಇದ್ದಾಗ ಮನೆಯವರೆಲ್ಲರನ್ನೂ ಒಂದೇ ಫೋಟೋದಲ್ಲಿ ಹಿಡಿಯಲು ನಾನು ಹಿಂದೆ ಹಿಂದೆ ಸರಿದು ಬೆನ್ನನ್ನು ಗೋಡೆಗೆ ಒತ್ತಬೇಕು. ಅದೂ ಸಾಲದೆ ಹೊಸ್ತಿಲು ದಾಟಿ ಬೀದಿಗೆ ಇಳಿಯಬೇಕು. ನನ್ನ ಹಳೆಯ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರು ಚಿಕ್ಕದು. ಲೆನ್ಸು ಕಂಡದ್ದರಲ್ಲಿ ನಡುವಿನ ತುಂಡನ್ನಷ್ಟೇ ಅದು ಇಟ್ಟುಕೊಂಡು ಅಂಚನ್ನು ಬಿಟ್ಟುಬಿಡುತ್ತದೆ. ಅಂಚಿನಲ್ಲಿ ನಿಂತವರು ಯಾವಾಗಲೂ ಮನೆಯ ಸೊಸೆಯರು, ವಿಧವೆ ಅತ್ತೆಯರು. ಫುಲ್ ಫ್ರೇಮ್ ಲೆನ್ಸಿಗೆ ಕಂಡದ್ದನ್ನೆಲ್ಲ ಇಟ್ಟುಕೊಳ್ಳುತ್ತದೆ. ಕತ್ತಲ ಕೋಣೆಯಲ್ಲಿ ಕಿಟಕಿಯ ಬೆಳಕೇ ಅದಕ್ಕೆ ಸಾಕು. ಹನ್ನೊಂದು ವರ್ಷ ಬೀದಿಯಲ್ಲಿ ನಿಂತು ಮನೆಯೊಳಗಿನ ಫೋಟೋ ತೆಗೆದವನಿಗೆ ಅದರ ಮೇಲೆ ಎಷ್ಟು ಆಸೆ ಇರುತ್ತದೆಂದು ಬೇರೆ ಹೇಳಬೇಕಿಲ್ಲ.

ಮಾರಿಕುಪ್ಪಂ ಕಡೆಯಿಂದ ರೈಲು ಬಂತು. ಸೀಟು ಸಿಕ್ಕಿತು. ಮಾರುವ ಮುಂಚೆ ಲೆನ್ಸನ್ನು ಕೊನೆಯ ಸಲ ಒರೆಸಿಬಿಡೋಣವೆಂದು ಚೀಲ ತೆರೆದೆ.

ಮೊದಲು ಕಂಡದ್ದು ಕುಂಕುಮ. ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಕೂರಿಸುವ ಪುಟ್ಟ ಲೋಹದ ಗೂಡು ಇರುತ್ತದೆ. ಫ್ಲ್ಯಾಶಿಗೆ ಬೆಳಗು ಎಂದು ಹೇಳುವ ತಂತಿಯ ಮೊನೆಗಳು ಇರುವುದು ಅಲ್ಲೇ. ಅದರ ತುಂಬ ನೀರಿನಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ, ಅದರ ಮೇಲೆ ನಾಲ್ಕು ಅಕ್ಷತೆ ಕಾಳು. ಕತ್ತಿಗೆ ಹಾಕಿಕೊಳ್ಳುವ ಪಟ್ಟಿ ಮಾತ್ರ ಎಲ್ಲೂ ಇಲ್ಲ. ಚೀಲದ ಎಲ್ಲ ಜೇಬುಗಳಿಗೂ ಕೈ ಹಾಕಿದೆ. ಆಮೇಲೆ ಮನೆಗೆ ಫೋನು ಮಾಡಿದೆ.

“ಅಜ್ಜಿ, ಕ್ಯಾಮೆರಾಗೆ ಏನು ಮಾಡ್ದೆ?”

“ಏನು ಮಾಡ್ಲಿ? ಅನ್ನ ಇಕ್ಕಿದ್ದು ಮನೆ ಬಿಟ್ಟು ಓಗ್ತಾ ಐತೆ. ಅಂಗೇ ಕಳಿಸ್ತಾರೇನ್ಲಾ? ಅರಿಶಿನ ಕುಂಕುಮ ಇಟ್ಟೆ.”

“ಅದೇ ಜಾಗದಲ್ಲಿ ಯಾಕಿಟ್ಟೆ?”

“ನೆತ್ತಿ ಅಲ್ವಾ ಅದು? ದನಕ್ಕೆ ಎಲ್ಲಿ ಇಡ್ತಾರೆ? ನಿನ್ನ ಕ್ಯಾಮೆರಾಗೆ ನೆತ್ತಿ ಯಾವ್ದು ಅಂತ ಉಡ್ಕಕ್ಕೇ ಅರ್ಧ ಗಳಿಗೆ ಆಯ್ತು ಕಣ್ಲಾ. ಕಣ್ಣು ಮುಟ್ಟಿಲ್ಲ, ನಿನ್ನಾಣೆಗೂ.”

ಲೆನ್ಸು ಮುಟ್ಟಬಾರದೆಂದು ನಾನು ಹೇಳಿದ್ದನ್ನು ಅವಳು ಅಕ್ಷರಶಃ ಪಾಲಿಸಿದ್ದಳು. ಪಟ್ಟಿ ಎಲ್ಲಿ ಎಂದು ಕೇಳಿದೆ.

“ಬಿಚ್ಚಿಕೊಂಡೆ. ಮಾರೋ ದನದ ಜೊತೆ ಯಾರಾನ ಅಗ್ಗ ಕೊಡ್ತಾರಾ? ಅಗ್ಗ ಮನೇಲಿದ್ರೆ ಇನ್ನೊಂದು ಬತ್ತದೆ. ನಿಮ್ಮ ತಾತ ಇದ್ದಿದ್ರೆ ನಿನಗೆ ಬುದ್ಧಿ ಏಳೋರು.”

ನಮ್ಮ ಸೀಮೆಯ ಹಳ್ಳಿಗಳಲ್ಲಿ ಈ ಪದ್ಧತಿ ಉಂಟು. ಹಸುವನ್ನೋ ಎತ್ತನ್ನೋ ಮಾರಿದವರು ಅದರ ಕೊರಳ ಹಗ್ಗವನ್ನು ಬಿಚ್ಚಿ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಕೊಂಡವರು ತಮ್ಮ ಹಗ್ಗ ತರಬೇಕು. ತಾತ ಗಣಿಗೆ ಇಳಿಯಲು ಬಂದಾಗ ದನಗಳನ್ನು ಊರಲ್ಲೇ ಬಿಟ್ಟು ಬಂದಿದ್ದರೂ ಅಜ್ಜಿ ಪದ್ಧತಿಯನ್ನು ಮಾತ್ರ ಜೊತೆಗೇ ತಂದಿದ್ದಳು. ಅದನ್ನು ಹೂಡಲು ಅವಳಿಗೆ ಅರವತ್ತು ವರ್ಷ ಒಂದು ಪ್ರಾಣಿಯೂ ಸಿಕ್ಕಿರಲಿಲ್ಲ. ಈಗ ನನ್ನ ಕ್ಯಾಮೆರಾ ಸಿಕ್ಕಿತು.

ಕರವಸ್ತ್ರದಿಂದ ಒರೆಸಿದೆ. ಮೇಲಿನದು ಬಂತು, ಒಳಗಿನದು ಇನ್ನೂ ಒಳಗೆ ಹೋಯಿತು. ಫ್ಲ್ಯಾಶ್ ಕೂರಿಸಿ ಒತ್ತಿದೆ. ಬೆಳಗಿತು. ಎದುರು ಸೀಟಿನ ಮುದುಕರೊಬ್ಬರು ಬೆಚ್ಚಿ, “ಎನ್ನ ತಂಬಿ, ಫೋಟೋವಾ?” ಎಂದು ತಮಿಳಿನಲ್ಲಿ ಕೇಳಿ, ಮೀಸೆ ತಿದ್ದಿಕೊಂಡು ನೆಟ್ಟಗೆ ಕೂತರು. ಎರಡನೆಯ ಸಲ ಒತ್ತಿದೆ. ಬೆಳಗಲಿಲ್ಲ. ಮೂರನೆಯ ಸಲವೂ ಇಲ್ಲ. ನಾಲ್ಕನೆಯದಕ್ಕೆ ಬೆಳಗಿತು. ಪಾಪ, ಮುದುಕರು ನಾಲ್ಕು ಸಲವೂ ಉಸಿರು ಬಿಗಿಹಿಡಿದಿದ್ದರು. ಕಿಟಕಿಯಾಚೆ ಗಣಿಯ ಕಸಮಣ್ಣಿನ ಸೈನೈಡ್ ದಿಬ್ಬ ಹಿಂದಕ್ಕೆ ಸರಿಯುತ್ತಿತ್ತು. ನಾನು ಬಂಗಾರಪೇಟೆಯವರೆಗೂ ಆ ಗೂಡಿಗೆ ಊದುತ್ತ, ಉಗುರಿನಿಂದ ಕೆರೆಯುತ್ತ ಹೋದೆ. ಇಳಿಯುವ ಹೊತ್ತಿಗೆ ಒತ್ತಿದಾಗಲೆಲ್ಲ ಬೆಳಗುತ್ತಿತ್ತು. ಆದರೆ ಆ ಬೆಳಕಿನ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಆ ಹೆಣ್ಣುಮಗಳು ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಕಾಯುತ್ತಿದ್ದಳು. ಮೂವತ್ತರ ಆಸುಪಾಸು. ವಾರವೆಲ್ಲ ಬೆಳಿಗ್ಗೆಯ ರೈಲಿಗೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಬರುವವಳು. ಭಾನುವಾರಗಳಲ್ಲಿ ಗೆಳತಿಯ ಕ್ಯಾಮೆರಾ ಎರವಲು ತಂದು ಫೋಟೋ ಕಲಿತಿದ್ದಳಂತೆ. ಜೊತೆಗೆ ಅವಳ ಅತ್ತೆ ಬಂದಿದ್ದರು. ನಾನು ಕ್ಯಾಮೆರಾ ಹೊರಗೆ ತೆಗೆದೊಡನೆ ಅತ್ತೆ ಬಗ್ಗಿ ನೋಡಿದರು.

“ಇಷ್ಟೇನಾ? ಇದಕ್ಕಾ ಒಂದು ಎಮ್ಮೆ ದುಡ್ಡು?”

“ಅತ್ತೆ, ಸ್ವಲ್ಪ ಸುಮ್ಕಿರಿ,” ಅಂದಳು ಸೊಸೆ.

“ಸುಮ್ಕೇ ಇದ್ದೀನಲ್ಲವ್ವ. ಎಮ್ಮೆ ಆಗಿದ್ರೆ ಹಲ್ಲು ನೋಡ್ಬೋದಾಗಿತ್ತು. ಇದಕ್ಕೆ ಏನ್ ನೋಡೋದು?”

ಸೊಸೆಗೆ ಏನು ನೋಡಬೇಕೆಂದು ಚೆನ್ನಾಗಿ ಗೊತ್ತಿತ್ತು. ಲೆನ್ಸನ್ನು ಬೆಳಕಿಗೆ ಹಿಡಿದಳು. ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿದಳು. ಫ್ಲ್ಯಾಶ್ ಹಾಕಿ ಅತ್ತೆಯತ್ತ ತಿರುಗಿಸಿ ಒತ್ತಿದಳು. ಒಂದು, ಎರಡು, ಮೂರು. ಏಳರ ತನಕ ನಾನು ಮನಸ್ಸಿನಲ್ಲೇ ಎಣಿಸಿದೆ. ಏಳೂ ಬೆಳಗಿದವು.

“ನಾಳೆ ನನ್ನ ನಾದಿನಿ ಸೀಮಂತ ಅಣ್ಣಾ,” ಅಂದಳು. “ಇವರ ಒಬ್ಬಳೇ ಮಗಳು. ಬೆಂಗಳೂರಿಂದ ಫೋಟೋದೋರನ್ನ ಕರೆಸ್ತೀವಿ ಅಂದ್ರು ಎಲ್ಲಾರೂ. ನಾನೇ ತೆಗೀತೀನಿ ಅಂತ ಅಟ ಮಾಡಿ ಒಪ್ಪಿಸಿದ್ದೀನಿ. ನಮ್ಮನೆ ಒಳಗೆ ಕತ್ತಲೆ, ಫ್ಲ್ಯಾಶ್ ಇಲ್ದೆ ಆಗಲ್ಲ. ಐಬು ಏನಾನ ಇದ್ರೆ ಈಗ್ಲೇ ಏಳ್ಬುಡಿ.”

“ಇಲ್ಲಮ್ಮ,” ಅಂದೆ. “ಏನೂ ಇಲ್ಲ.”

ಎಷ್ಟು ಸಲೀಸಾಗಿ ಅಂದೆನೆಂದರೆ ನನಗೇ ಒಂದು ಗಳಿಗೆ ನಂಬಿಕೆ ಬಂದುಬಿಟ್ಟಿತು. ಅವಳು ದುಡ್ಡು ಕಳಿಸಲು ಫೋನು ತೆಗೆದಳು. ನನ್ನ ಫೋನಿನ ಕ್ಯೂಆರ್ ಕೋಡನ್ನು ನಾನು ಮುಂದೆ ಹಿಡಿದೆ. ಅವಳ ಫೋನು ಅದರ ಮೇಲೆ ಬಂದು ನಿಂತಿತು. ಆಗ ಅತ್ತೆ ಕೇಳಿದರು.

“ಕತ್ತಿಗಾಕ್ಕೊಳ್ಳೋ ಪಟ್ಟಿ ಎಲ್ಲೈತಪ್ಪಾ? ಎಲ್ಲಾರ ಕ್ಯಾಮೆರಾಗೂ ಇರ್ತದಲ್ಲ.”

“ನಮ್ಮಜ್ಜಿ ಬಿಚ್ಚಿ ಇಟ್ಟುಕೊಂಡುಬಿಟ್ಟಳು,” ಅಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಲು ಶುರುವಾಯಿತು.

“ಅಗ್ಗ ಮಡಿಕ್ಕೊಂಡ್ಲಾ? ಅಯ್ಯೋ ನಮ್ಮವ್ವ. ನಮ್ಮ ಕಡೆಯೋಳೇ ಸೈ ಬಿಡು ನಿಮ್ಮಜ್ಜಿ.” ಸೊಸೆಯ ಮೊಣಕೈ ಹಿಡಿದು ತಡೆದು ಹೇಳಿದರು, “ತಡಿಯವ್ವ ಒಂದು ಗಳಿಗೆ, ಕೇಳು. ನಮ್ಮ ಮಾವನೋರು ಸಂತೇಲಿ ದನ ಮಾರ್ವಾಗ ಅಗ್ಗ ಬಿಚ್ತಾ ಬಿಚ್ತಾ ಅದರ ಐಬೆಲ್ಲ ಏಳೋರು. ಇದು ಒದೀತದೆ, ಇದರ ಒಂದು ಕೋಡು ಸಡ್ಲ, ಇದಕ್ಕೆ ಕೆಂಪು ಸೀರೆ ಕಂಡ್ರಾಗಕ್ಕಿಲ್ಲ. ಕೊಳ್ಳೋನು ಓಡೋದ್ರೆ ಓಡೋಗ್ಲಿ ಅನ್ನೋರು. ಅಗ್ಗ ಪೂರ್ತಾ ಬಿಚ್ಚಿ ಕೈಗೆ ಬಂದ ಮ್ಯಾಕೆ ಏಳಂಗಿಲ್ಲ, ಕೇಳಂಗಿಲ್ಲ.” ನನ್ನ ಕಡೆ ತಿರುಗಿ ನಗುತ್ತಲೇ ಕೇಳಿದರು, “ನಿಮ್ಮಜ್ಜಿ ಬಿಚ್ವಾಗ ಏನೂ ಏಳ್ಲಿಲ್ವಾ?”

ಅವರು ತಮಾಷೆಗೆ ಕೇಳಿದ್ದು. ನಾನು ತಲೆಯೆತ್ತಿ ಬೇರೆಡೆ ನೋಡಿದೆ. ಸ್ಟೇಷನ್ನಿನ ಗಡಿಯಾರದಲ್ಲಿ ಎರಡೂವರೆ. ಒಂದು ಬೆರಳು ಒತ್ತಿದರೆ ದುಡ್ಡು ಬರುತ್ತಿತ್ತು. ಹತ್ತು ನಿಮಿಷ ನಡೆದರೆ ಫುಲ್ ಫ್ರೇಮ್ ನನ್ನ ಕೈಯಲ್ಲಿ. ನಾಳೆ ಇವಳು ಕತ್ತಲ ಕೋಣೆಯಲ್ಲಿ, ಇಡೀ ನೆಂಟರ ಎದುರು ಗುಂಡಿ ಒತ್ತುತ್ತ ನಿಂತಿರುವಾಗ ನಾನು ಅಲ್ಲಿ ಇರುವುದಿಲ್ಲ. ಆ ಕೊನೆಯ ಮಾತು ನನಗೆ ಸಮಾಧಾನವಾಗಿ ಕೇಳಿಸಿತು. ಅದು ಸಮಾಧಾನವಾಗಿ ಕೇಳಿಸಿತಲ್ಲ ಎಂದೇ ನನಗೆ ಹೇಸಿಗೆಯಾಯಿತು.

ಫೋನನ್ನು ಹಿಂದಕ್ಕೆ ಎಳೆದುಕೊಂಡೆ.

“ಒಂದು ಐಬು ಐತಮ್ಮ,” ಅಂದೆ. ಅರಿಶಿನ, ಕುಂಕುಮ, ನೆತ್ತಿ, ರೈಲಿನ ಮುದುಕರು ಎಲ್ಲವನ್ನೂ ಹೇಳಿದೆ. ಅವಳು ಕ್ಯಾಮೆರಾ ಎತ್ತಿಕೊಂಡು ಮತ್ತೆ ಒತ್ತಿದಳು. ಬೆಳಗಿತು. ಇನ್ನೊಮ್ಮೆ. ಬೆಳಗಿತು. ಫ್ಲ್ಯಾಶನ್ನು ಕಳಚಿ ಮತ್ತೆ ಕೂರಿಸಿ ಒತ್ತಿದಳು. ಬೆಳಗಲಿಲ್ಲ.

“ನಾನು ಕೇಳ್ದಾಗ ಇಲ್ಲ ಅಂದ್ರಲ್ಲ ಅಣ್ಣಾ.”

ಉತ್ತರ ಕೊಟ್ಟದ್ದು ಅತ್ತೆ. “ಕೇಳ್ದಾಗ ಇಲ್ಲ ಅಂದ, ಕೇಳ್ದಿದ್ದಾಗ ಏಳ್ದ. ತಿರುಕ್ಲು ಮನುಷ್ಯ. ಬಾ, ಓಗಾನ.”

ಅವಳು ಎದ್ದಳು. ಆದರೆ ಕ್ಯಾಮೆರಾವನ್ನು ಕೆಳಗಿಡಲಿಲ್ಲ. ಬೇರೆ ಕ್ಯಾಮೆರಾ ಹುಡುಕಲು ಅವಳಿಗೂ ಹೊತ್ತಿರಲಿಲ್ಲ. ಇಂದು ಬರಿಗೈಯಲ್ಲಿ ಮನೆಗೆ ಹೋದರೆ ಬೆಂಗಳೂರಿನ ಫೋಟೋದವನು ಬರುತ್ತಾನೆ. ಇನ್ನು ಮುಂದೆ ಆ ಮನೆಯಲ್ಲಿ ಇವಳ ಫೋಟೋದ ಮಾತು ಏಳುವುದಿಲ್ಲ. ಅದು ನನಗೂ ಅರ್ಥವಾಗಿತ್ತು. ಸ್ಟುಡಿಯೋ ಯಜಮಾನರು ಇಂಥದ್ದನ್ನು ಬಿಚ್ಚಿ ತೊಳೆದು ಬಲ್ಲವರು, ಅಲ್ಲಿಗೆ ಹೋಗಿ ನೋಡೋಣ, ಸರಿಹೋಗದಿದ್ದರೆ ನೀವು ನಿಮ್ಮ ದಾರಿ ಹಿಡಿಯಿರಿ ಅಂದೆ.

ಸ್ಟುಡಿಯೋ ಮುಟ್ಟಿದಾಗ ಮೂರು ದಾಟಿತ್ತು. ಕುಪ್ಪಂನವನು ಆಗಲೇ ಬಂದಿದ್ದ. ಸ್ಟೂಲಿನ ಮೇಲೆ ಕೂತು ಫುಲ್ ಫ್ರೇಮ್ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕೂಸನ್ನು ನೋಡುವ ಹಾಗೆ ನೋಡುತ್ತಿದ್ದ. ಯಜಮಾನರು ಗೋಡೆಯಿಂದ ಹಳೆಯ ಮದುವೆ ಫೋಟೋಗಳನ್ನು ಇಳಿಸುತ್ತಿದ್ದವರು ನನ್ನ ಕ್ಯಾಮೆರಾದ ನೆತ್ತಿ ನೋಡಿ ಕನ್ನಡಕ ಹಣೆಗೇರಿಸಿದರು.

“ಲೇ, ಇದಕ್ಕೇನು ಮದ್ವೆ ಮಾಡಿದ್ದೀಯಾ?”

ವಿಷಯ ಹೇಳಿದೆ. ಅವರು ಗಡಿಯಾರ ನೋಡಿದರು, ಕುಪ್ಪಂನವನನ್ನು ನೋಡಿದರು. “ನಾಲ್ಕು ಅಂದ್ರೆ ನಾಲ್ಕೇ ಕಣೋ. ಇದನ್ನ ತೊಳ್ಯೋದು ಬೇರೆ, ಅದು ಬೇರೆ. ತಿರುಪು ಬಿಚ್ತೀನಿ. ಒಳಗೆ ಏನಾದ್ರೂ ಮುರೀತು ಅಂದ್ರೆ ನನ್ನ ಕೇಳ್ಬೇಡ.”

ಬಿಚ್ಚಿ ಅಂದೆ. ಮುರಿದರೆ ನನಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಮೇಲಿನ ತಗಡನ್ನು ಮೀಟಿ ತೆಗೆದು, ಸಾಸಿವೆಯಷ್ಟು ಚಿಕ್ಕ ತಿರುಪುಗಳನ್ನು ತಟ್ಟೆಯೊಂದರಲ್ಲಿ ಸಾಲಾಗಿ ಇಟ್ಟರು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜಿದರು. ಹತ್ತಿ ಹಳದಿಯಾಯಿತು, ಕೆಂಪಾಯಿತು. ಒಂದು ತಿರುಪು ತಟ್ಟೆಯಿಂದ ಹಾರಿ ನೆಲಕ್ಕೆ ಬಿತ್ತು. ನಾನೂ ಆ ಹೆಣ್ಣುಮಗಳೂ ಮಂಡಿಯೂರಿ ನೆಲ ಸವರಿದೆವು. ಕೊನೆಗೆ ಅದು ಸಿಕ್ಕಿದ್ದು ಕುಪ್ಪಂನವನ ಚಪ್ಪಲಿಯ ಪಕ್ಕದಲ್ಲಿ. ಎತ್ತಿಕೊಟ್ಟವನೂ ಅವನೇ. ಕೊಡುವಾಗ ಅವನು ಗಡಿಯಾರ ನೋಡಿದ. ಮೂರು ಮೂವತ್ತೈದು.

“ಸಿಕ್ತು ಕಳ್ಳ,” ಅಂದರು ಯಜಮಾನರು. ಸೂಜಿಯ ತುದಿಯಲ್ಲಿ ಅರ್ಧ ಅಕ್ಷತೆ ಕಾಳು. ಅದು ಗೂಡಿನ ಅಂಚಿನ ಕೆಳಗೆ ಸೇರಿಕೊಂಡು, ಫ್ಲ್ಯಾಶ್ ಪೂರ್ತಿ ಕೂರದಂತೆ ಕೂದಲೆಳೆಯಷ್ಟು ತಡೆಯುತ್ತಿತ್ತಂತೆ. ಮತ್ತೆ ತಿರುಪು ಹಾಕಿ ಫ್ಲ್ಯಾಶ್ ಕೂರಿಸಿ ಅವಳ ಕೈಗೆ ಕೊಟ್ಟರು.

ಅವಳು ಒತ್ತತೊಡಗಿದಳು. ಅತ್ತೆ ಗಟ್ಟಿಯಾಗಿ ಎಣಿಸತೊಡಗಿದರು, ರಾಗಿ ಅಳೆಯುವಾಗ ಎಣಿಸುವ ಹಾಗೆ. ಐದಾದ ಮೇಲೆ ಫ್ಲ್ಯಾಶ್ ಕಳಚಿ ಕೂರಿಸಿದಳು. ಹತ್ತಾದ ಮೇಲೆ ಮತ್ತೆ. ಇಪ್ಪತ್ತರ ತನಕ ಒಂದೂ ತಪ್ಪಲಿಲ್ಲ. ನನಗೆ ಕಣ್ಣೆದುರು ನೀಲಿ ಮಚ್ಚೆಗಳು ತೇಲುತ್ತಿದ್ದವು. ಅವಳು ಮಾತ್ರ ಫೋನು ತೆಗೆಯಲಿಲ್ಲ.

“ಸರೋಗಿದೆ ಅಂತ ಕಾಣ್ತದೆ,” ಅಂದಳು. “ಪ್ಲಾಟ್‌ಫಾರಂನಲ್ಲೂ ಏಳು ಸಲ ಸರಿಯಾಗೇ ಬೆಳಗ್ತು.”

ನಾನು ಬೇಡಿಕೊಳ್ಳಲಿಲ್ಲ. ಬೇಡುವ ಮುಖ ಆವತ್ತು ನನಗೆ ಇರಲಿಲ್ಲ.

“ನಾಳೆ ನೀವು ಬರ್ಬೇಕು ಅಣ್ಣಾ. ಹೊಸಾದು ತಗೊಂಡು ಬನ್ನಿ, ಬಾಗ್ಲಲ್ಲಿ ನಿಂತ್ಕೊಳ್ಳಿ. ಫೋಟೋ ನಾನೇ ತೆಗೆಯೋದು. ನೀವು ಒಂದೂ ತೆಗೀಬಾರ್ದು. ಇದು ಕೈ ಕೊಟ್ರೆ ಅದು ನನ್ನ ಕೈಗೆ.”

ಹೊಸ ಕ್ಯಾಮೆರಾವನ್ನು ಮೊದಲ ದಿನವೇ ಪರರ ಕೈಗೆ ಕೊಡುವವನು ಫೋಟೋದವರಲ್ಲಿ ಯಾರೂ ಇಲ್ಲ. ಆಗಲಿ ಅಂದೆ. ಅವಳು ದುಡ್ಡು ಕಳಿಸಿದಳು. ಅದಕ್ಕೆ ನನ್ನದನ್ನು ಸೇರಿಸಿ ನಾನು ಯಜಮಾನರಿಗೆ ಕಳಿಸಿದಾಗ ನಾಲ್ಕಕ್ಕೆ ನಾಲ್ಕು ನಿಮಿಷ. ಕುಪ್ಪಂನವನು ತೊಡೆಯ ಮೇಲಿದ್ದುದನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟು, “ಪೋನೀಲೇ ಅಣ್ಣಾ,” ಎಂದು ತೆಲುಗಿನಲ್ಲಿ ಹೇಳಿ ಹೋದ. ಹೋಗಲಿ ಬಿಡು ಎಂದು ಅಷ್ಟು ಸಲೀಸಾಗಿ ಅನ್ನಲು ನನಗೆ ಬರುತ್ತಿರಲಿಲ್ಲ.

ಮನೆಯಲ್ಲಿ ಅಜ್ಜಿ ಹಳೆಯ ಪಟ್ಟಿಯನ್ನು ಹೊಸ ಕ್ಯಾಮೆರಾಗೆ ತಾನೇ ಪೋಣಿಸಿದಳು. ಅರಿಶಿನದ ಬಟ್ಟಲನ್ನೂ ತಂದಳು. ಈ ಸಲ ನಾನು ಕ್ಯಾಮೆರಾದ ತಳವನ್ನು ತೋರಿಸಿ, ಇದರ ನೆತ್ತಿ ಇಲ್ಲಿದೆ ಅಂದೆ.

“ಉಲ್ಟಾ ಉಟ್ಟೈತಾ?” ಎಂದು ಕೇಳಿ, ತಳಕ್ಕೇ ಬೊಟ್ಟು ಇಟ್ಟಳು.

ಮರುದಿನ ಬಂಗಾರಪೇಟೆಯಾಚೆಯ ಅವರ ಹಳ್ಳಿಮನೆಯ ಬಾಗಿಲಲ್ಲಿ ನಾನು ನಿಂತಿದ್ದೆ. ಕೋಣೆ ನಮ್ಮ ಲೈನಿನ ಕೋಣೆಗಿಂತ ಹೆಚ್ಚೇನೂ ದೊಡ್ಡದಲ್ಲ. ಒಂದೇ ಕಿಟಕಿ. ನೆಂಟರಲ್ಲೊಬ್ಬರು, “ಬೆಂಗಳೂರಿನೋನು ಬಂದೌನಲ್ಲ, ಸುಮ್ಕೆ ಯಾಕೆ ನಿಂತೌನೆ?” ಎಂದು ನನ್ನ ಕಡೆ ಕೈ ಮಾಡಿದರು. ಅವಳು ತಿರುಗಿ ನೋಡಲಿಲ್ಲ. ಹಸಿರು ಸೀರೆಯ ನಾದಿನಿಗೆ ಬಳೆ ತೊಡಿಸುವಾಗ ತೆಗೆದಳು, ಮಡಿಲು ತುಂಬುವಾಗ ತೆಗೆದಳು. ಪ್ರತಿ ಸಲ ಫ್ಲ್ಯಾಶ್ ಬೆಳಗಿದಾಗಲೂ ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಏನೂ ಮಾಡುವಂತಿಲ್ಲದೆ ನನ್ನ ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಹೊಂದಿಸಿಟ್ಟುಕೊಂಡಿದ್ದೆ.

ಆರತಿಗೆ ಹೆಂಗಸರೆಲ್ಲ ಒತ್ತಿಕೊಂಡು ನಿಂತರು. ತಟ್ಟೆ ಎತ್ತಿದರು. ಅವಳು ಒತ್ತಿದಳು. ಬೆಳಗಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಹಾಡು ನಡೆದಿತ್ತು. ಹೆಂಗಸರ ನಡುವಿಂದ ಅತ್ತೆ ನೇರವಾಗಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಎರಡು ಹೆಜ್ಜೆ ಒಳಗೆ ಹೋಗಿ ಪಟ್ಟಿಯನ್ನು ನನ್ನ ಕತ್ತಿನಿಂದ ತೆಗೆದು ಅವಳ ಕತ್ತಿಗೆ ಹಾಕಿದೆ. “ಫ್ಲ್ಯಾಶ್ ಬೇಡ. ಬರೀ ಒತ್ತಮ್ಮ,” ಅಂದು ಮತ್ತೆ ಬಾಗಿಲಿಗೆ ಬಂದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು, ಅಷ್ಟೇ. ಬೀದಿಗೆ ಇಳಿಯಬೇಕಾಗಲಿಲ್ಲ. ಆರತಿ ಮೂರು ಸುತ್ತು ಬರುವ ತನಕ ಒತ್ತಿದಳು.

ಎಲ್ಲ ಮುಗಿದ ಮೇಲೆ ಫ್ಲ್ಯಾಶನ್ನು ತೆಗೆದು ನೋಡಿದೆವು. ಬ್ಯಾಟರಿ ಸೆಲ್ಲು ಮುಗಿದಿತ್ತು. ಹಿಂದಿನ ದಿನದ ಆ ಎಣಿಕೆಯಲ್ಲೇ ಅರ್ಧ ಕಳೆದುಹೋಗಿದ್ದಿರಬೇಕು. ಹೊಸ ಸೆಲ್ ಹಾಕಿದಾಗ ಬೆಳಗಿತು. ಯಾರ ತಪ್ಪು ಎಂದು ಯಾರೂ ಕೇಳಲಿಲ್ಲ. ಅವಳು ಪಟ್ಟಿಯನ್ನು ಕತ್ತಿನಿಂದ ತೆಗೆದು ಹೊಸ ಕ್ಯಾಮೆರಾವನ್ನು ನನಗೆ ವಾಪಸು ಕೊಡುವಾಗ ಅತ್ತೆ ಹೋಳಿಗೆಯ ತಟ್ಟೆ ಹಿಡಿದು ಬಂದರು.

“ಅಗ್ಗಾನೂ ಬಂದಿತ್ತು ನಮ್ಮನೆಗೆ. ಕೊಟ್ಬುಟ್ಲಲ್ಲ ಇವಳು,” ಅಂದರು. “ತಿನ್ನಪ್ಪ.”

ಆ ಫೋಟೋವನ್ನು ಸಂಜೆ ಅಜ್ಜಿಗೆ ತೋರಿಸಿದೆ. ಬಸುರಿ ಹೆಣ್ಣು, ಸುತ್ತ ಎಲ್ಲ ಹೆಂಗಸರು, ಎಡದ ಅಂಚಿನಲ್ಲಿ ಕಿಟಕಿ, ಬಲದ ಅಂಚಿನಲ್ಲಿ ಬಾಗಿಲು. ಯಾರೂ ಕಡಿದುಹೋಗಿರಲಿಲ್ಲ. ಅಜ್ಜಿ ಒಬ್ಬೊಬ್ಬರನ್ನೇ ಬೆರಳಿಟ್ಟು ನೋಡುತ್ತ ಬಾಗಿಲಿಗೆ ಬಂದಳು.

“ಇದ್ಯಾರ್ಲಾ, ಬರಿಗೈಲಿ ನಿಂತೌನೆ?”

“ನಾನೇ ಅಜ್ಜಿ.”

ಕಣ್ಣಿಗೆ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದಳು. “ಮುಖ ಯಾಕ್ಲಾ ಅಂಗೈತೆ,” ಅಂದಳು, “ದನ ಮಾರಿ ಬಂದೋನಂಗೆ.”